ಭಾತ ಹೊರಗ, ಜಿಲೇಬಿ ಒಳಗ

ನಾನು ದೇವರ ಮನುಷ್ಯ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಬೇರೆ ಯಾರೂ ಹೇಳಿದ್ದು ಇದುವರೆಗೆ ನನ್ನ ಕಿವಿಗೆ ಬಿದ್ದಿಲ್ಲ.

ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಮೈಮೇಲೆ ತಣ್ಣೀರು ಸುರಿದುಕೊಂಡು ಲಿಂಗಪೂಜೆಗೆ ಕೂರುತ್ತೇನೆ. ಪೂಜೆ ಮುಗಿದ ಮೇಲೆ ಅದೇ ಹೂವನ್ನು ಎತ್ತಿ ಗೋಡೆಯ ಮೇಲಿರುವ ಅಕ್ಕಲಕೋಟೆ ಸ್ವಾಮಿಗಳ ಪಟಕ್ಕೆ ಸಿಗಿಸುತ್ತೇನೆ. ಒಂದು ಹೂವು, ಎರಡು ಪೂಜೆ. ಎರಡೂ ಕಡೆಯಿಂದ ಪುಣ್ಯ ಬರಲಿ ಅಂತ. ಆಮೇಲೆ ಸೋಲಾಪುರ ಸ್ಟ್ಯಾಂಡಿನಿಂದ ಎಂಟರ ಬಸ್ಸು. ಕುಂಭಾರಿಯವರೆಗೆ ಜಪ ಮಾಡುತ್ತೇನೆ. ಕುಂಭಾರಿ ದಾಟಿದ ಮೇಲೆ ನಿದ್ದೆ ಮಾಡುತ್ತೇನೆ. ಅಕ್ಕಲಕೋಟೆ ಬಂದಾಗ ಕಂಡಕ್ಟರ್ ಭುಜ ಅಲುಗಿಸುತ್ತಾನೆ.

"ಕಾಕಾ, ಸಮಾಧಿ ಮುಗೀತು. ಇಳೀರಿ."

ಅಲ್ಲಿಯ ಕೋರ್ಟಿನಲ್ಲಿ ನಾನು ಕೈಲಾಸ ವಕೀಲರ ಕಾರಕೂನ. ಹೆಸರು ಬಸಣ್ಣ. ನನಗೆ ಅರವತ್ತೊಂದು, ವಕೀಲರಿಗೆ ಮೂವತ್ನಾಲ್ಕು. ನಮ್ಮದು ಸೋಲಾಪುರದ ಅರಿವೆ ವ್ಯಾಪಾರದ ಮನೆತನ. ನನ್ನನ್ನೂ ಒಂದು ಕಾಲಕ್ಕೆ ಗಾದಿಯ ಮೇಲೆ ಕೂರಿಸಿ ನೋಡಿದರು. ಅಳೆಯಲು ಕೊಟ್ಟರೆ ಗಿರಾಕಿಗೆ ಒಂದು ಗೇಣು ಜಾಸ್ತಿ ಹರಿದು ಕೊಡುತ್ತಿದ್ದೆ. ದಯೆಯಿಂದಲ್ಲ, ಕೈ ನಡುಗಿ. ಅಣ್ಣ ಸಾತಲಿಂಗಪ್ಪ ನನ್ನನ್ನು ಕೆಳಗಿಳಿಸಿದ.

"ಇವ ಕಾಗದ ಬರಿಲಿ. ಕಾಗದ ಹರದ್ರ ಅಂಗಡಿ ಮುಳಗಂಗಿಲ್ಲ" ಅಂದ.

ಮೂವತ್ತೆಂಟು ವರ್ಷದಿಂದ ಕಾಗದ ಬರೆಯುತ್ತಿದ್ದೇನೆ. ಮೊದಲು ಕೈಲಾಸ ವಕೀಲರ ತಂದೆಯ ಕೈಕೆಳಗೆ, ಈಗ ಮಗನ ಕೈಕೆಳಗೆ. ಇಷ್ಟು ವರ್ಷದಲ್ಲಿ ಒಂದು ಮಂತ್ರ ಸಿದ್ಧಿಯಾಗಿದೆ. ಸಣ್ಣ ಕೇಸಿನವರು ಯಾರೇ ಬರಲಿ, ದಾರಿಗೆ ಅಡ್ಡ ಗಾಡಿ ನಿಲ್ಲಿಸಿದವನು ಬರಲಿ, ಪೇಟೆಯಲ್ಲಿ ಜಗಳ ಮಾಡಿದವನು ಬರಲಿ, ನಾನು ಹೇಳುವುದು ಇಷ್ಟೇ:

"ಕಬೂಲ ಅನ್ನು. ದಂಡ ಕಟ್ಟು. ಮನಿಗಿ ಹೋಗು."

ಲಿಂಗದ ಮುಂದೆ ಹೇಳುವ ಮಂತ್ರಕ್ಕಿಂತ ಇದನ್ನೇ ಹೆಚ್ಚು ಸಲ ಹೇಳಿದ್ದೇನೆ. ಫಲವೂ ಬೇಗ ಕೊಡುತ್ತದೆ.

ಇದನ್ನೇ ನೀಲಾಬಾಯಿಗೂ ಹೇಳಿದೆ.

ಅವತ್ತು ಶನಿವಾರ. ಲೋಕ ಅದಾಲತ್ತು. ಸಣ್ಣ ಸಣ್ಣ ಕೇಸುಗಳನ್ನೆಲ್ಲ ಒಂದೇ ದಿನ ಕರೆದು ಮುಗಿಸುವ ದಿನ. ಕೋರ್ಟಿನ ವರಾಂಡಾದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಕಿಟಕಿಯ ಪಕ್ಕದ ನನ್ನ ಮೇಜಿನ ಮೇಲೆ ಚಹಾ ಇಟ್ಟುಕೊಂಡು ಕೂತಿದ್ದೆ. ಆಕೆ ಬಂದು ಎದುರಿಗೆ ನಿಂತಳು. ನಲವತ್ತೈದರ ಹೆಂಗಸು. ಕೈಯಲ್ಲಿ ಸಮನ್ಸು. ಮೊದಲು ಕಣ್ಣಿಗೆ ಬಿದ್ದದ್ದು ಆ ಕೈ. ಪಾತ್ರೆ ತಿಕ್ಕುವ ಸೋಡಾ ತಿಂದು ಬೆರಳುಗಳ ಸಂದು ಬಿಳಿಚಿಕೊಂಡಿತ್ತು. ಉಗುರಿನ ಸುತ್ತ ಸೀಳು. ಕಾಗದವನ್ನು ಬೆರಳಿನಿಂದ ಹಿಡಿಯದೆ ಅಂಗೈಗಳ ನಡುವೆ ಒತ್ತಿ ಹಿಡಿದಿದ್ದಳು.

"ಕಾಕಾ, ನೀವು ಕೋರ್ಟಿನ್ಯಾವರು. ನಾ ಒಳಗ ಹೋಗಿ ಏನಂತ ಹೇಳ್ಲಿ?"

ಕಾಗದ ಓದಿದೆ. ಮಂಗಲ ಕಾರ್ಯಾಲಯದ ಮುಂದೆ ಸಾರ್ವಜನಿಕ ರಸ್ತೆಯ ಮೇಲೆ ಎಂಜಲು ಚೆಲ್ಲಿ ಹೊಲಸು ಮಾಡಿದ್ದು. ಯಾವ ಕಾರ್ಯಾಲಯ, ಯಾವ ದಿನ, ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾಗದವನ ಹಾಗೆ ಮುಖ ಮಾಡಿದೆ. ಅದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

"ಚೆಲ್ಲಿದಿ ಹೌದಿಲ್ಲೋ?"

"ಚೆಲ್ಲೀನಿ."

"ಮತ್ತ ಮುಗೀತು. ಕಬೂಲ ಅನ್ನು. ದಂಡ ಕಟ್ಟು. ಮನಿಗಿ ಹೋಗು."

"ಯಾಕ ಚೆಲ್ಲಿದಿ ಅಂತ ಕೇಳಂಗಿಲ್ಲೇನ್ರಿ?"

"ಅದನ್ನ ಬರಿಯಾಕ ಈ ಕಾಗದದಾಗ ಜಾಗಾ ಇಲ್ಲವ್ವಾ."

ಆಕೆ ಹೋಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು. ಬಹಳ ಹೊತ್ತು ನೋಡಿದಳು. ನಾನು ಚಹಾದ ಬಟ್ಟಲನ್ನು ನೋಡಿದೆ. ಒಳಗಿಂದ ಹೆಸರು ಕೂಗಿದರು. ಚಹಾ ಆರುವುದರೊಳಗೆ ಆಕೆ ಕಬೂಲ ಅಂದು, ದಂಡ ಕಟ್ಟಿ, ಮೆಟ್ಟಿಲಿಳಿದು ಹೋದಳು. ಒಬ್ಬ ಬಡವಿಯ ಕೆಲಸ ಪುಕ್ಕಟೆ ಮಾಡಿಕೊಟ್ಟೆ ಅಂತ ಉಳಿದ ಚಹಾವನ್ನು ಸಂತೋಷದಿಂದ ಕುಡಿದೆ.

ಆದದ್ದು ಏನು ಅಂತ ಹೇಳುತ್ತೇನೆ, ಕೇಳಿರಿ.

ಅಕ್ಕಲಕೋಟೆಯ ಹೊರಗೆ, ಸೋಲಾಪುರದ ದಾರಿಗೆ ಹತ್ತಿ, ಪ್ರಸಾದ ಶೇಠನ ಮಂಗಲ ಕಾರ್ಯಾಲಯವಿದೆ. ಒಂದು ಲಗ್ನಕ್ಕೆ ಸಾವಿರ ಎಲೆ ಏಳುತ್ತವೆ. ನೀಲಾಬಾಯಿ ಅಲ್ಲಿ ಎಂಜಲು ಬಳಿಯುವವಳು. ಬಾಗಿದ ಬೆನ್ನು ಪಂಗತಿಯ ಆ ತುದಿಗೆ ಹೋಗಿಯೇ ನೆಟ್ಟಗಾಗಬೇಕು. ಉಳಿದ ಭಾತ, ಕಚ್ಚಿಬಿಟ್ಟ ಪುರಿ, ಬದನೇಕಾಯಿ ತೊಟ್ಟು, ಜಿಲೇಬಿ ಚೂರು, ಎಲ್ಲ ಕೈಯಿಂದ ಬಳಿದು ಬಿದಿರಿನ ಬುಟ್ಟಿಗೆ ತುಂಬಬೇಕು. ಸಿಂಬಿ ಇಟ್ಟು ತಲೆಯ ಮೇಲೆ ಹೊರಬೇಕು. ಬುಟ್ಟಿಯ ಸಂದಿಯಿಂದ ಮಜ್ಜಿಗೆ ಸೋರುತ್ತದೆ. ಕೂದಲಿಗೆ ಇಳಿಯುತ್ತದೆ, ಕತ್ತಿಗೆ ಇಳಿಯುತ್ತದೆ, ಕುಪ್ಪಸದೊಳಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಅಲ್ಲೇ ಹುಳಿಯಾಗುತ್ತದೆ. ಆಮೇಲೆ ಹಂಡೆ ತಿಕ್ಕುವುದು. ಹಂಡೆಯ ತಳ ತಿಕ್ಕಬೇಕಾದರೆ ಸೊಂಟದವರೆಗೆ ಹಂಡೆಯೊಳಗೆ ಹೋಗಬೇಕು.

ಕಾರ್ಯಾಲಯದ ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ ಒಡೆದಿದ್ದಾರೆ. ಬುಟ್ಟಿಯನ್ನು ಆ ಕಿಂಡಿಯಿಂದ ಆಚೆ ಸುರಿಯಬೇಕು. ಆಚೆ ಏನಿದೆ ಅಂದರೆ, ಮಾತಂಗರ ಓಣಿ. ಅದರಲ್ಲಿ ಮೂರನೆಯ ಮನೆ ನೀಲಾಬಾಯಿಯದು. ಪ್ರಸಾದ ಶೇಠ್ ಆಕೆಗೆ ಪಗಾರ ಕೊಡುತ್ತಿದ್ದದ್ದು, ಊರಿನ ಎಂಜಲನ್ನು ಆಕೆ ಹೊತ್ತು ತಂದು ತನ್ನ ಬಾಗಿಲಿಗೆ ತಾನೇ ಸುರಿದುಕೊಳ್ಳುವುದಕ್ಕೆ. ಮೂರು ವರ್ಷ ಸುರಿದಳು. ಓಣಿಯಲ್ಲಿ ಹಂದಿ ಬಂದವು, ನೊಣ ಬಂದವು, ಮಕ್ಕಳಿಗೆ ಕಕ್ಕುವುದು ಬಂತು. ಸಫಾಯಿ ನೋಡುವ ಕಚೇರಿಗೆ ಆಕೆ ಮೂರು ಅರ್ಜಿ ಕೊಟ್ಟಳು. ಮೂರೂ ವಿಚಾರದಲ್ಲಿದ್ದವು.

ಆ ದಿನ ಕಾರ್ಯಾಲಯದಲ್ಲಿ ನನ್ನ ಅಣ್ಣನ ಮಗ ತೇಜಸನ ಲಗ್ನ. ಹೆಣ್ಣಿನವರು ಅಕ್ಕಲಕೋಟೆಯವರು. ಹನ್ನೆರಡೂವರೆಯ ಮುಹೂರ್ತ. ನಾನು ಮೂರನೇ ಪಂಗತಿಯಲ್ಲಿ ಕೂತಿದ್ದೆ.

ಅದೇ ದಿನ ಹಿಂದಿನ ಓಣಿಯಲ್ಲಿ ನೀಲಾಬಾಯಿಯ ಮಗಳು ಮಯೂರಿಗೆ ಅರಿಶಿಣ. ಓಣಿಯ ಬಾಯಿಗೆ ನಾಲ್ಕು ಗಳ ನೆಟ್ಟು, ಮನೆಮನೆಯ ಸೀರೆ ಕಟ್ಟಿ ಹಂದರ ಮಾಡಿದ್ದರು. ಹಂದರ ನಿಂತದ್ದು ಸರಿಯಾಗಿ ಕಿಂಡಿಯ ಕೆಳಗೆ. ಬೇರೆ ಜಾಗ ಓಣಿಯಲ್ಲಿ ಇರಲಿಲ್ಲ.

ನೀಲಾಬಾಯಿ ತುಂಬಿದ ಬುಟ್ಟಿಯನ್ನು ಹೊತ್ತುಕೊಂಡೇ ಮ್ಯಾನೇಜರನ ಮುಂದೆ ನಿಂತಳು.

"ಸಾಹೇಬ್ರ, ಇದೊಂದು ದಿನ ಬ್ಯಾರೆ ಕಡಿ ಹಾಕ್ತೀನ್ರಿ. ಮಗಳು ಅರಿಶಿಣಕ್ಕ ಕುಂತಾಳ."

ಮ್ಯಾನೇಜರ ಹೇಳಿದ, "ಛಲೋ ಆತಲ್ಲ. ನಿಮ್ಮಲ್ಲೂ ಲಗ್ನ, ಊಟ ಮನಿ ಬಾಗಿಲಕ್ಕ ಬಂತು. ಅಡಿಗಿ ಖರ್ಚ ಉಳೀತು."

ಅಲ್ಲಿದ್ದ ಒಬ್ಬರು ನಕ್ಕರು.

ನೀಲಾಬಾಯಿ ಬುಟ್ಟಿಯ ದಾರಿ ಬದಲಿಸಿದಳು, ಅಷ್ಟೇ. ಹಿಂದಕ್ಕೆ ಹೋಗಬೇಕಾದದ್ದು ಮುಂದಕ್ಕೆ ಹೊರಟಿತು. ಕುರ್ಚಿಗಳ ನಡುವೆ ನಡೆದಳು. ರೇಷ್ಮೆ ಸೀರೆಗಳು ಎರಡೂ ಕಡೆ ಸರಿದವು. ಮುಂಬಾಗಿಲಿನಲ್ಲಿ ಆಳೆತ್ತರದ ಗಣಪತಿ, ಅದರ ಮುಂದೆ ರಂಗೋಲಿ, ಅದರ ಮುಂದೆ ಹೊಸ್ತಿಲು. ಆಕೆ ಹೊಸ್ತಿಲ ಮೇಲೆ ನಿಂತು ಬುಟ್ಟಿಯನ್ನು ಬೋರಲು ಹಾಕಿದಳು.

ಅರ್ಧ ಒಳಗೆ ಬಿತ್ತು, ಅರ್ಧ ಹೊರಗೆ ಬಿತ್ತು. ಈ ಅರ್ಧ ಮತ್ತು ಅರ್ಧ ಅನ್ನುವುದು ಮುಂದೆ ಬಹಳ ದೊಡ್ಡ ಮಾತಾಯಿತು.

ಕಬೂಲಿಯಾಗಿ ಐದು ತಿಂಗಳ ಮೇಲೆ ಆಕೆ ಮತ್ತೆ ನನ್ನ ಮೇಜಿಗೆ ಬಂದಳು. ಈ ಸಲ ಎರಡು ಕಾಗದ.

ಮೊದಲನೆಯದು ಹೊಸ ಸಮನ್ಸು. ಪ್ರಸಾದ ಶೇಠನ ಫಿರ್ಯಾದು. ಕಾರ್ಯಾಲಯದೊಳಗೆ ಅತಿಕ್ರಮಣ, ನೆಲಕ್ಕೆ ಹಾಸಿದ ಜಾಜಮಿನ ನುಕಸಾನು, ಗಣಪತಿಯ ಮುಂದೆ ಎಂಜಲು ಚೆಲ್ಲಿ ಧಾರ್ಮಿಕ ಭಾವನೆ ನೋಯಿಸಿದ್ದು. ಕಡೆಯದಕ್ಕೆ ಮೂರು ವರ್ಷದವರೆಗೆ ಜೈಲು.

ಎರಡನೆಯದು ಸಫಾಯಿ ಕಚೇರಿಯ ಉತ್ತರ. ಓಣಿಯ ಮೂರು ಅರ್ಜಿಗೂ ಸೇರಿ ಒಂದೇ ಉತ್ತರ. ಅರ್ಜಿದಾರಳು ತಾನೇ ಹೊಲಸು ಚೆಲ್ಲಿದ ಗುನ್ಹೆಯನ್ನು ಕೋರ್ಟಿನಲ್ಲಿ ಕಬೂಲ ಮಾಡಿರುವುದರಿಂದ ಆಕೆಯ ತಕರಾರು ನಿಕಾಲಿ ಮಾಡಿ ಮುಚ್ಚಲಾಗಿದೆ.

"ನೀವು ಅನ್ನು ಅಂದ್ರಿ, ನಾ ಅಂದೆ" ಅಂದಳು ನೀಲಾಬಾಯಿ. "ಈಗ ದಿನಾ ರಾಜಾರೋಷ ಸುರೀತಾರ. ಕೇಳಿದ್ರ ಈ ಕಾಗದಾ ತೋರಸ್ತಾರ."

ನಾನು ಮೂವತ್ತೆಂಟು ವರ್ಷದ ಕಾರಕೂನ. ಎರಡನೇ ಕಾಗದವನ್ನು ಮಡಚಿ ಇಟ್ಟೆ. ಮೊದಲನೆಯದನ್ನು ಮೇಲೆತ್ತಿದೆ.

"ಹೆದರಬ್ಯಾಡ. ಒಂದ ಗುನ್ಹೆಗಿ ಎರಡು ಸಲ ಶಿಕ್ಷಾ ಕೊಡಾಕ ಬರಂಗಿಲ್ಲ. ಇದು ದೇಶದ ಘಟನಾದಾಗ ಬರದದ. ನಿನ್ನ ಬುಟ್ಟಿ ಎಷ್ಟು?"

"ಒಂದ."

"ಮತ್ತ!" ಅಂದೆ. ಸಂವಿಧಾನ ನಾನೇ ಬರೆದ ಹಾಗೆ.

ಕೈಲಾಸ ವಕೀಲರ ಮುಂದೆ ಇದನ್ನೇ ಹೇಳಿದೆ. ಒಂದು ಬುಟ್ಟಿ, ಒಂದು ಗುನ್ಹೆ. ವಕೀಲರು ಪಂಚನಾಮೆ ಓದುತ್ತಿದ್ದವರು ತಲೆ ಎತ್ತಿದರು.

"ಕಾಕಾ, ಕಾಯದಾ ಬುಟ್ಟಿ ಎಣಸಂಗಿಲ್ಲ. ಗುನ್ಹೆ ಎಣಸ್ತದ."

"ಅಂದ್ರ?"

"ಇಲ್ಲಿ ಕೇಳ್ರಿ. ಪಂಚನಾಮಿ. 'ಹೊಸ್ತಿಲಿನ ಹೊರಗೆ ಎರಡು ಫೂಟು ಮಸಾಲಿ ಭಾತ. ಹೊಸ್ತಿಲಿನ ಒಳಗೆ ಮೂರು ಫೂಟು ಜಿಲೇಬಿ.' ಭಾತ ಹೊರಗ ಬಿತ್ತು. ಅದು ರಸ್ತೆ ಹೊಲಸು ಮಾಡಿದ ಗುನ್ಹೆ. ಅದಕ್ಕ ರಸ್ತೆ ಬೇಕು, ದೇವರು ಬೇಕಾಗಿಲ್ಲ. ಜಿಲೇಬಿ ಒಳಗ ಬಿತ್ತು. ಅದು ಭಾವನಾ ನೋಯಿಸಿದ ಗುನ್ಹೆ. ಅದಕ್ಕ ದೇವರು ಬೇಕು, ರಸ್ತೆ ಬೇಕಾಗಿಲ್ಲ. ಇದಕ್ಕ ಬೇಕಾದ ಪುರಾವೆ ಅದಕ್ಕ ಬ್ಯಾಡ, ಅದಕ್ಕ ಬೇಕಾದ್ದು ಇದಕ್ಕ ಬ್ಯಾಡ ಅಂದ್ರ ಗುನ್ಹೆ ಎರಡು. ಕೈ ಒಂದ ಆದ್ರೂ."

"ಭಾತಕ್ಕ ಒಂದು ಕಲಮು, ಜಿಲೇಬಿಗಿ ಒಂದು ಕಲಮು?"

"ಹಂಗ ತಿಳಕೊಳ್ರಿ."

"ಪುರಿ ಎಲ್ಲಿ ಬಿತ್ತಂತ?"

"ಪುರಿ ಬಗ್ಗೆ ಪಂಚರು ಮೌನ."

ವಕೀಲರು ನಕ್ಕರು. ಆಮೇಲೆ ಕುರ್ಚಿ ಮುಂದಕ್ಕೆಳೆದರು. "ಆದ್ರೂ ಒಂದು ದಾರಿ ಅದ. ದಿನ ಒಂದ, ಪ್ರಸಂಗ ಒಂದ. ಈ ಕಲಮು ಮೊದಲ ಸಲಾನ ಕೂಡೇ ಹಾಕಬಹುದಿತ್ತು, ಹಾಕಲಿಲ್ಲ. ಒಂದಕ್ಕ ಶಿಕ್ಷಾ ಆದ ಮ್ಯಾಲ ಇನ್ನೊಂದು ತಗೊಂಡು ಬಂದ್ರ ಸರಕಾರದ ಮಂಜೂರಿ ಬೇಕು. ಈ ಫೈಲಿನ್ಯಾಗ ಮಂಜೂರಿ ಕಾಗದ ಇಲ್ಲ. ಅರ್ಜಿ ಬರೀರಿ ಕಾಕಾ. ಆಗಲೇ ಶಿಕ್ಷಾ ಆಗೇದ ಅಂತ. ಮೊದಲನೇ ಕಬೂಲಿ ನಕಲು ಹಚ್ಚರಿ. ಕೇಸು ಬಾಗಿಲಾಗ ಬೀಳ್ತದ."

ಅವತ್ತು ಬಸ್ಸಿನಲ್ಲಿ ಜಪವೂ ಆಗಲಿಲ್ಲ, ನಿದ್ದೆಯೂ ಬರಲಿಲ್ಲ. ಅರ್ಜಿಯ ಮೊದಲ ಸಾಲುಗಳನ್ನು ಮನಸ್ಸಿನಲ್ಲೇ ಕಟ್ಟುತ್ತ ಮನೆ ಸೇರಿದೆ. ಹೆಂಡತಿ ದ್ವಾರಕಾ ಶೇಂಗಾ ಬಿಡಿಸುತ್ತಿದ್ದಳು. ಆಕೆಗೂ ಹೇಳಿದೆ. ಒಂದೇ ಬುಟ್ಟಿ, ನೋಡು, ಎರಡು ಗುನ್ಹೆ ಅಂತಾರೆ. ಎಷ್ಟು ಅನ್ಯಾಯ.

"ಒಂದ ಹೂವಾ ಲಿಂಗಕ್ಕೂ ಏರಿಸಿ ಸ್ವಾಮಿಗಳಿಗೂ ಏರಿಸಿ ಎರಡು ಪೂಜಾ ಅಂತೀರಿ" ಅಂದಳು, ತಲೆ ಎತ್ತದೆ. "ಪುಣ್ಯ ಎರಡು ಸಲ ಎಣಿಸೋ ಮುಂದ ನಿಮಗ ಅನ್ಯಾಯ ಕಾಣಲಿಲ್ಲ."

ನಾನೂ ಶೇಂಗಾ ಬಿಡಿಸಲು ಕೂತೆ. ಒಳ್ಳೆಯ ವಕೀಲರ ಮುಂದೆ ಕಾರಕೂನ ಸುಮ್ಮನಿರಬೇಕು.

ಅರ್ಜಿ ಏಳು ಪುಟವಾಯಿತು. ನನ್ನ ಇಡೀ ಜೀವಮಾನದಲ್ಲಿ ಅಂಥ ಅರ್ಜಿ ಬರೆದಿರಲಿಲ್ಲ. ಸಹಿಗಾಗಿ ನಾನೇ ಓಣಿಗೆ ಹೊರಟೆ. ಕೋರ್ಟಿಗೆ ಕರೆಸಬಹುದಿತ್ತು. ನನ್ನ ದೊಡ್ಡತನವನ್ನು ಓಣಿಯವರೂ ನೋಡಲಿ ಅನ್ನುವ ಆಸೆ ಒಳಗೆಲ್ಲೋ ಇತ್ತು. ಅದಕ್ಕೆ ಭೂತದಯೆ ಅಂತ ಹೆಸರಿಟ್ಟುಕೊಂಡು ನಡೆದೆ.

ಮಧ್ಯಾಹ್ನ. ಓಣಿಯ ಬಾಯಲ್ಲಿ ಕಾಲಿಟ್ಟ ಕೂಡಲೇ ಚಪ್ಪಲಿ ಹುಗಿಯಿತು. ಗೋಡೆಯ ಕಿಂಡಿಯಿಂದ ಇಳಿದ ಎಂಜಲು ಮೊಳಕಾಲೆತ್ತರ ಬಿದ್ದಿತ್ತು. ಮೇಲಿನದು ಹೊಸದು, ಹಳದಿ. ಕೆಳಗಿನದು ಕರ್ರಗೆ, ಕುದಿಯುವ ಹಾಗೆ ಗುಳ್ಳೆ ಏಳುತ್ತಿತ್ತು. ಧೋತರ ಎತ್ತಿ ಹಿಡಿದುಕೊಂಡೆ. ಮೂಗು ಮುಚ್ಚಿಕೊಳ್ಳಬೇಕೆಂದರೆ ಕೈ ಖಾಲಿಯಿರಲಿಲ್ಲ. ಒಂದರಲ್ಲಿ ಧೋತರ, ಒಂದರಲ್ಲಿ ಅರ್ಜಿ.

ನೀಲಾಬಾಯಿ ಸಲಿಕೆ ಹಿಡಿದು ಎಳೆಯುತ್ತಿದ್ದಳು. ಕಾರ್ಯಾಲಯದ ಕೆಲಸ ಬುಟ್ಟಿ ಬೋರಲು ಹಾಕಿದ ದಿನವೇ ಹೋಗಿತ್ತು. ಈಗ ಊರಲ್ಲಿ ಮನೆಮನೆ ಭಾಂಡೆ ತಿಕ್ಕಿ ಬಂದು, ಮಧ್ಯಾಹ್ನ ಇದನ್ನು ಎಳೆಯುತ್ತಾಳೆ. ಮುಂಜಾನೆ ಸುರಿದದ್ದನ್ನು ಸಂಜೆಯೊಳಗೆ ಎಳೆಯದಿದ್ದರೆ ಹೊಸ್ತಿಲು ಹತ್ತುತ್ತದೆ. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು.

"ಇಲ್ಲಿ ಒಂದು ಸಹಿ ಮಾಡವ್ವಾ. ನಿನ್ನ ಕೇಸು ಮುಗೀತು."

ಆಕೆ ಕೈ ಒರೆಸಿಕೊಳ್ಳಲಿಲ್ಲ. "ಏನು ಬರದೀರಿ, ಓದ್ರಿ."

ಓದಿದೆ. ಮರಾಠಿಯಲ್ಲಿತ್ತು, ಕನ್ನಡದಲ್ಲಿ ಬಿಡಿಸಿ ಹೇಳಿದೆ. ನಾನು ರಸ್ತೆಯನ್ನು ಹೊಲಸು ಮಾಡಿದ ಗುನ್ಹೆಯನ್ನು ಸ್ವಖುಷಿಯಿಂದ ಕಬೂಲ ಮಾಡಿದ್ದೇನೆ. ಅದಕ್ಕೆ ಶಿಕ್ಷೆ ಅನುಭವಿಸಿದ್ದೇನೆ. ಈಗ ಹೊರಿಸಿದ ಗುನ್ಹೆಯೂ ಅದೇ ಘಟನೆಯ ಭಾಗ, ಇದಕ್ಕೆ ಸರಕಾರದ ಮಂಜೂರಿಯೂ ಇಲ್ಲ. ಆದಕಾರಣ ಬಿಡುಗಡೆ ಮಾಡಬೇಕು.

"ಮತ್ತ ಕಬೂಲ ಮಾಡಸಾಕತ್ತೀರಿ."

"ಹಂಗಲ್ಲವ್ವಾ. ಇದು ಬಿಡುಗಡಿ."

"ಯಾರದು?"

"ನಿಂದು."

"ಓಣಿದು?"

ನಾನು ಪುಟ ತಿರುಗಿಸಿದೆ. ಏಳು ಪುಟದಲ್ಲಿ ಓಣಿ ಅನ್ನುವ ಮಾತು ಎಲ್ಲಿಯೂ ಇರಲಿಲ್ಲ.

"ಒಂದು ಸಲ ಕಬೂಲ ಅಂದಿದ್ದಕ್ಕ ಮೂರು ಅರ್ಜಿ ಹೋದುವು. ಇದಕ್ಕೂ ಸಹಿ ಮಾಡಿದ್ರ ಇನ್ನು ಯಾವ ಬಾಯಿಲೆ ಕೇಳ್ಲಿ? ಒಂದ ಗುನ್ಹೆ ಅಂತೀರಿ ನೀವು. ಎರಡು ಅಂತಾರ ಅವರು. ಗುನ್ಹೆನ ಅಲ್ಲ ಅಂತ ಯಾರ ಅಂತೀರಿ?"

"ಜೈಲ ಆದೀತು, ನೀಲಾಬಾಯಿ. ಮೂರು ವರ್ಷ."

"ಇಲ್ಲಿ ಮೂರು ವರ್ಷ ಆಗ್ಯಾವ." ಸಲಿಕೆಯನ್ನು ಎಂಜಲಿಗೆ ಚುಚ್ಚಿ ನಿಲ್ಲಿಸಿದಳು. "ಕಾಕಾ, ನೀವು ಶ್ಯಾಣ್ಯಾರು, ಎಣಿಸಿ ಹೇಳ್ರಿ. ನನ್ನ ಒಂದು ಬುಟ್ಟಿ ಎರಡು ಗುನ್ಹೆ ಆಗ್ತದ. ಒಂದೊಂದು ಲಗ್ನಕ್ಕ ಇಪ್ಪತ್ತು ಬುಟ್ಟಿ ಈ ಕಿಂಡ್ಯಾಗಿಂದ ಬೀಳ್ತಾವ. ಮೂರು ವರ್ಷ ಬಿದ್ದಾವ. ಅವು ಎಷ್ಟು ಗುನ್ಹೆ?"

ನಾನು ಧೋತರವನ್ನು ಇನ್ನಷ್ಟು ಮೇಲೆತ್ತಿದೆ.

"ಹೋಗ್ಲಿ ಬಿಡ್ರಿ. ಆ ಶನಿವಾರ ವರಾಂಡಾದಾಗ ಅಷ್ಟು ಮಂದಿ ಇದ್ರು, ನಿಮ್ಮ ಕಡೆನ ಯಾಕ ಬಂದೆ ಅಂತ ತಿಳಕೊಂಡೀರಿ?"

"ಕಾರಕೂನ ಅಂತ..."

"ನೀವು ಅಲ್ಲಿದ್ರಿ ಅಂತ. ಮೂರನೇ ಪಂಗತಿ, ಕಂಬದ ಕಡಿಂದ ನಾಕನೇ ಎಲಿ. ಎರಡು ಜಿಲೇಬಿ ಹಾಕಿಸಿಕೊಂಡ್ರಿ, ಒಂದು ಬಿಟ್ರಿ. ಮುಂದಿನ ನಳದಾಗ ಗದ್ದಲಾ ಅಂತ ಕೈ ತೊಳಿಯಾಕ ಹಿಂದ ಬಂದ್ರಿ. ಮ್ಯಾನೇಜರ ಆ ಮಾತು ಅಂದಾಗ ನನ್ನ ಎದುರಿಗೇ ಇದ್ರಿ. ನೋಡ್ಯಾರ, ಹಣಿ ಮ್ಯಾಲ ವಿಭೂತಿ ಐತಿ, ಇವರರೆ ಖರೆ ಹೇಳ್ತಾರಂತ ನಿಮ್ಮ ಮೇಜಿಗಿ ಬಂದೆ. ಕಬೂಲ ಅನ್ನು ಅಂದ್ರಿ."

ದನಿ ಏರಿಸದೆ ಅಂದಳು:

"ನೀವು ನಕ್ಕಿದ್ರಿ, ಕಾಕಾ."

ಹೌದು. ಮೇಲೆ ಒಬ್ಬರು ನಕ್ಕರು ಅಂತ ಬರೆದೆನಲ್ಲ, ಆ ಒಬ್ಬರು ನಾನೇ. ಜೋಕು ಚೆನ್ನಾಗಿತ್ತು ಅಂತ ನಗಲಿಲ್ಲ. ಮ್ಯಾನೇಜರ ನನ್ನ ಕಡೆ ನೋಡಿದ, ಬೀಗರ ಕಡೆಯ ಮನುಷ್ಯ, ನಗದಿದ್ದರೆ ಅವನಿಗೆ ಹೇಗೋ ಅನ್ನಿಸೀತು ಅಂತ ನಕ್ಕೆ. ಅವನಿಗೆ ಹೇಗೋ ಅನ್ನಿಸಬಾರದು. ನನ್ನ ಭೂತದಯೆ ಅಲ್ಲಿಗೂ ಮುಟ್ಟಿತ್ತು.

ಅರ್ಜಿ ಕೈಯಿಂದ ಜಾರಿತು. ಎಂಜಲಿನಲ್ಲಿ ಬಿತ್ತು. ಅದನ್ನು ಯಾವ ಕೈಯಿಂದ ಎತ್ತಿಕೊಳ್ಳಬೇಕು ಅಂತ ನನಗೆ ತಿಳಿಯಲಿಲ್ಲ. ನೀಲಾಬಾಯಿ ಬಗ್ಗಿ ಎತ್ತಿದಳು. ಝಾಡಿಸಿ, ನನ್ನ ಕೈಗೆ ಕೊಟ್ಟು, ಮತ್ತೆ ಸಲಿಕೆ ಹಿಡಿದಳು.

ಮರುದಿನ ಪೂಜೆಗೆ ಕೂತೆ. ಹೂವನ್ನು ಲಿಂಗಕ್ಕೆ ಏರಿಸಿದೆ. ಎತ್ತಿ ಸ್ವಾಮಿಗಳ ಪಟಕ್ಕೆ ಸಿಗಿಸಲು ಕೈ ಏಳಲಿಲ್ಲ. ಅಲ್ಲೇ ಬಿಟ್ಟೆ.

ಕೈಲಾಸ ವಕೀಲರಿಗೆ ಹೇಳಿದೆ. ಆಕೆ ಆ ಅರ್ಜಿ ಕೊಡುವುದಿಲ್ಲ. ಕೇಸು ನಡೆಸಬೇಕಂತೆ. ಆಕೆಯ ಕಡೆ ಸಾಕ್ಷಿ ಒಬ್ಬನಿದ್ದಾನೆ.

"ಯಾರು?"

"ನಾನು."

ವಕೀಲರು ಪೆನ್ನು ಕೆಳಗಿಟ್ಟರು. "ಕಾಕಾ, ಕಾರಕೂನ ಸಾಕ್ಷಿಕಟ್ಟಿ ಹತ್ತಿದ್ರ ಸರಕಾರಿ ವಕೀಲ ನಿಮ್ಮನ್ನ ಹಿಂಡ್ತಾನ. ಮೊದಲ ಕಬೂಲಿ ಮಾಡಿಸಿದವರು ನೀವ ಅಂತ ಹೊರಗ ಬ್ಯಾರೆ ಬೀಳ್ತದ. ಮತ್ತ ಗೆಲ್ಲೋ ದಾರಿ ಬಿಟ್ಟು ಸೋಲೋ ದಾರಿ ಹಿಡದೀರಿ."

"ಆಕಿ ಹಿಡದಾಳ. ನಾ ಬೆನ್ನ ಹಿಂದ ಹೊಂಟೀನಿ, ಅಷ್ಟ."

ಸುದ್ದಿ ಸೋಲಾಪುರಕ್ಕೆ ನನಗಿಂತ ಮೊದಲೇ ಮುಟ್ಟಿತ್ತು. ಸಾತಲಿಂಗಪ್ಪ ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತಿದ್ದ. ಅಂಗಡಿಯ ಮೇಲಿನ ಎರಡು ಖೋಲಿಯಲ್ಲಿ ನಾನು ಇರುವುದು, ಅವನ ಹೆಸರಿನ ಮನೆ.

"ನಮ್ಮ ತೇಜಸನ ಲಗ್ನದಾಗ ಎಂಜಲ ಸುರದಾಕಿ ಕಡಿಂದ ನೀ ಸಾಕ್ಷಿ ಹೇಳ್ತಿ? ಬೀಗರಿಗಿ ಯಾವ ಮಾರಿ ತೋರಸ್ಲಿ? ಹೇಳು, ಹೋಗಿ ಹೇಳು. ಮತ್ತ ಈ ಹೊಸ್ತಿಲ ತುಳೀಬ್ಯಾಡ."

ಮೇಲೆ ಹೋದರೆ ದ್ವಾರಕಾ ಟ್ರಂಕು ತೆಗೆದು ಸೀರೆ ಮಡಚುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಎಲ್ಲಿಗಿ ಹೊಂಟಿ?" ಅಂದೆ, ಹೆದರಿ.

"ನಿಮ್ಮ ಕೂಡ. ಹೋಟಗಿದಾಗ ನನ್ನ ತಂಗಿ ಮನಿ ಅದ. ಅಲ್ಲಿಂದಾನೂ ಅಕ್ಕಲಕೋಟಿಗಿ ಗಾಡಿ ಅದಾವ. ನಕ್ಕಿದ್ದು ಮಾತ್ರ ನಿನ್ನೆ ರಾತ್ರಿ ತನಕ ನನಗ ಹೇಳಿದ್ದಿಲ್ಲ ನೀವು. ಅದನ್ನ ನಾ ಮರ್ಯಂಗಿಲ್ಲ."

ತಾರೀಖು ಬಂತು. ನ್ಯಾಯಾಧೀಶರು ಹೆಣ್ಣುಮಗಳು, ಮೃದು ಮಾತು. ಕಲಮುಗಳನ್ನು ಓದಿ ಹೇಳಿ, ಒಪ್ಪಿಗೆಯೋ ಇಲ್ಲವೋ ಅಂತ ಮರಾಠಿಯಲ್ಲಿ ಕೇಳಿದರು.

"ಗುನ್ಹಾ ಕಬೂಲ ಆಹೇ ಕಾ?"

ನೀಲಾಬಾಯಿ ಕಟಕಟೆಯಲ್ಲಿ ನಿಂತಿದ್ದಳು. ಸೀಳು ಬಿದ್ದ ಕೈಗಳನ್ನು ಕಟ್ಟಿಗೆಯ ಮೇಲೆ ಇಟ್ಟಿದ್ದಳು. ನನ್ನ ಮಂತ್ರ ಎಷ್ಟು ಹಳೆಯದೆಂದರೆ, ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ನನ್ನ ತುಟಿಗಳು ತಾವಾಗಿಯೇ ಅಲ್ಲಾಡಿದವು. ಹಲ್ಲಿನಿಂದ ಕಚ್ಚಿ ಹಿಡಿದೆ.

"ಇಲ್ರಿ ಬಾಯಿಸಾಹೇಬ್ರ" ಅಂದಳು ಆಕೆ. "ಚೆಲ್ಲೀನಿ. ಕಬೂಲ ಇಲ್ಲ."

"ಚೆಲ್ಲಿದ್ದು ಒಪ್ಪುತ್ತೀ, ಗುನ್ಹೆ ಒಪ್ಪುವುದಿಲ್ಲ?"

"ಹೌದ್ರಿ. ದಿನಾ ಚೆಲ್ಲೋದ ನನ್ನ ಕೆಲಸಾ ಇತ್ತು. ಹಿಂದ ಚೆಲ್ಲಿದ್ರ ಪಗಾರ ಕೊಡ್ತಿದ್ರು. ಮುಂದ ಚೆಲ್ಲಿದ್ರ ಗುನ್ಹೆ ಅಂತಾರ. ಎಂಜಲ ಅವರದ, ಬುಟ್ಟಿ ಅವರದ, ಬಾಗಿಲಾ ಅವರದ. ನಾ ಅವರದು ಅವರಿಗಿ ಮುಟ್ಟಿಸೀನಿ."

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ನ್ಯಾಯಾಧೀಶರು ಬರೆದುಕೊಂಡರು. ಕಬೂಲ ಇಲ್ಲ.

ಮುಂದಿನ ತಾರೀಖುಗಳಲ್ಲಿ ಪ್ರಸಾದ ಶೇಠ್ ಬಂದ, ಮ್ಯಾನೇಜರ ಬಂದ. ಅಂಥ ಮಾತು ತಾನು ಆಡಿಯೇ ಇಲ್ಲ ಅಂದ ಮ್ಯಾನೇಜರ. ಪಂಚರು ಬಂದು ಭಾತ ಎರಡು ಫೂಟು, ಜಿಲೇಬಿ ಮೂರು ಫೂಟು ಅಂದರು. ಎಲ್ಲ ಮುಗಿದು, ಒಂದು ಗುರುವಾರ, ನನ್ನ ಸರದಿ ಬಂತು.

ಮೂವತ್ತೆಂಟು ವರ್ಷ ಆ ಕಟ್ಟೆಗೆ ಜನರನ್ನು ಹತ್ತಿಸಿದ್ದೇನೆ. ನಾನು ಹತ್ತಿದ್ದು ಅದೇ ಮೊದಲು. ಅದು ಇಷ್ಟು ಎತ್ತರ ಅಂತ ಗೊತ್ತಿರಲಿಲ್ಲ. ಅಣ್ಣ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದ. ನೀಲಾಬಾಯಿ ಎದುರಿನ ಕಟಕಟೆಯಲ್ಲಿ. ಅವಳ ಮಗಳು ಮಯೂರಿ ಕಿಟಕಿಯ ಆಚೆ ನಿಂತಿದ್ದಳು.

ನೋಡಿದ್ದನ್ನು ಹೇಳಿದೆ. ಓಣಿ, ಹಂದರ, ಅರಿಶಿಣ, ಮ್ಯಾನೇಜರನ ಮಾತು, ಅಕ್ಷರ ಬಿಡದೆ. ಆಕೆ ಯಾಕೆ ಚೆಲ್ಲಿದಳು ಅಂತ ಕೇಳದೆ ಕಬೂಲ ಮಾಡಿಸಿದವನು ನಾನೇ ಅಂತಲೂ ಹೇಳಿದೆ. ಕೈಲಾಸ ವಕೀಲರು ಕೂತರು. ಸರಕಾರಿ ವಕೀಲರು ಎದ್ದರು.

"ಅಂಥ ಮಾತು ಕಿವಿಯಾರೆ ಕೇಳಿದಿರಿ ಅಂತೀರಿ. ದೇವರು-ದಿಂಡರು ಅನ್ನುವ ಮನುಷ್ಯರು. ಕೇಳಿ ಏನು ಮಾಡಿದಿರಿ? ತಡೆದಿರೇನು? ಮ್ಯಾನೇಜರನಿಗೆ ಒಂದು ಮಾತು ಅಂದಿರೇನು?"

"ಇಲ್ಲ."

"ಮತ್ತೇನು ಮಾಡಿದಿರಿ?"

"ನಕ್ಕೆ."

ಸರಕಾರಿ ವಕೀಲರು ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದವರು ಫೈಲಿನ ಪುಟ ತಿರುವತೊಡಗಿದರು. ಅವರಿಗೆ ಬೇಕಾದ ಉತ್ತರ ಇದಾಗಿರಲಿಲ್ಲ. ನಾನು ದಿನಾ ಚಹಾ ಹೇಳಿ ಕಳಿಸುವ ಟೈಪಿಸ್ಟ್ ಹುಡುಗಿ ಕೀಲಿಗಳ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದಳು. ಮೆಲ್ಲಗೆ ಕೇಳಿದಳು.

"ಕಾಕಾ, ನಕ್ಕೆ ಅಂದ್ರ ಮರಾಠಿಯಾಗ ಹಸಲೋ ಅಂತ ಬರಿಲೇನು?"

"ಬರಿಯವ್ವಾ. ಮೀ ಹಸಲೋ. ಕಬೂಲ ಅದ."

ನಗುವುದಕ್ಕೆ ಯಾವ ಕಲಮೂ ಇಲ್ಲ. ನನಗೆ ಗೊತ್ತು, ಎಲ್ಲ ಪುಸ್ತಕ ಒರೆಸಿ ಇಟ್ಟವನು ನಾನೇ. ಹೊಸ್ತಿಲ ಆಚೆ ನಕ್ಕರೂ ಇಲ್ಲ, ಈಚೆ ನಕ್ಕರೂ ಇಲ್ಲ. ಟೈಪು ಟಕಟಕ ಹೊಡೆಯಿತು, ನಿಂತಿತು. ಹುಡುಗಿಗೆ ಸರಿ ಬರೆದೆನೋ ಇಲ್ಲವೋ ಅನ್ನುವ ಅನುಮಾನ. ಮತ್ತೊಮ್ಮೆ ನನ್ನ ಮುಖ ನೋಡಿದಳು.

ಎದುರಿನ ಕಟಕಟೆಯಿಂದ ನೀಲಾಬಾಯಿ ಆಕೆಗೆ ಹೇಳಿದಳು:

"ನನ್ನ ಒಂದು ಬುಟ್ಟಿ ಎರಡು ಸಲ ಬರದೀರಿ, ತಂಗಿ. ಇವರ ನಗಿ ಒಂದ ಸಲ ಬರಿ. ಸಾಕು."